ಮಳೆನಾಡಿನ ಮರಕ್ಕೆ ಯಾವ ಪಾಲಿಶ್?

ಕಳಸ, ಮೂಡಿಗೆರೆ ಕಡೆಯ ಹಳೆಯ ಮನೆಗಳಲ್ಲಿ ಅಡುಗೆಮನೆಯ ತೊಲೆ, ಪಕಾಸಿಗಳಿಗೆ ಪಾಲಿಶ್ ಹಾಕಿದವರಿಲ್ಲ. ದಶಕಗಟ್ಟಲೆ ಒಲೆಯ ಹೊಗೆ ಕುಡಿದೇ ಅವು ಕಪ್ಪಾಗಿವೆ. ಇಲ್ಲಣ ಜೋತಾಡುವ ಆ ಮರಕ್ಕೆ ಹುಳ ಬಾಯಿ ಹಾಕುವುದು ಕಡಿಮೆ. ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಆ ಕಾವಲು ತಪ್ಪಿತು. ತೊಲೆಯ ಕೆಳಗೆ ಗೋಧಿಹಿಟ್ಟಿನಂಥ ಪುಡಿ ಉದುರತೊಡಗಿದಾಗ, ಕುಟ್ಟೆ ಹಿಡಿಯಿತೆಂದು ಮನೆಯವರು ಪಾಲಿಶ್‌ನವರನ್ನು ಹುಡುಕುತ್ತಾರೆ.

ಜಗಲಿಯ ಕಂಬ, ಬಾಗಿಲು, ಮುಚ್ಚಿಗೆಯ ಹಲಗೆಗಳ ಕತೆ ಬೇರೆ. ಅವು ಬೀಟೆ, ಹೊನ್ನೆ, ಹಲಸು, ಹೆಬ್ಬಲಸಿನವು. ಉಪ್ಪುಕಾಗದ ಅಂಗಡಿಗೆ ಬರುವ ಮೊದಲು, ಹತ್ತರಿ ಹೊಡೆದ ಮರವನ್ನು ಉಜ್ಜಲು ಗರಗತ್ತಿಯಂಥ ಒರಟು ಎಲೆಗಳಿದ್ದವು. ಕಾಫಿತೋಟದ ನೆರಳಿನಲ್ಲೇ ಸಿಗುವ, ಅತ್ತಿಯ ಜಾತಿಯ ಮರವದು. ಈಗ 80ನೇ ನಂಬರಿನ ಕಾಗದದಿಂದ ಶುರು ಮಾಡಿ 120, 220, 320 ಎಂದು ಏರುತ್ತಾರೆ. ನಂಬರು ಏರಿದಂತೆ ಕಾಗದದ ಹರಳು ಸಣ್ಣದಾಗುತ್ತದೆ. ಉಜ್ಜುವುದು ಎಳೆಯ ಗುಂಟವೇ. ಅಡ್ಡ ಬಿದ್ದ ಗೀರು ಬರಿಮರದಲ್ಲಿ ಅಡಗಿದ್ದರೂ ಬಣ್ಣ ಕುಡಿಸಿದೊಡನೆ ಎದ್ದು ಕಾಣುತ್ತದೆ. ತಲೆಮಾರುಗಳ ಕೈ ತಾಗಿ ನುಣುಪಾದ ಕಂಬವನ್ನು ಮಷೀನಿನಿಂದ ಬೋಳಿಸಿ, ಆಮೇಲೆ ಅದೇ ಹಳೆಯ ಬಣ್ಣ ಬರಲೆಂದು ಸ್ಟೇನರ್ ಬಳಿಸುವವರ ಲೆಕ್ಕಾಚಾರ ಮಾತ್ರ ನನಗೆ ತಿಳಿಯುವುದಿಲ್ಲ.

ಒಳಗಿನ ಪೀಠೋಪಕರಣಕ್ಕೆ ಹಳಬರು ಮೆಚ್ಚುವುದು ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗೇ ಇಲ್ಲಿಯೂ ಬಂಡವಾಳ. ಮುತ್ತುಗ, ಕುಸುಮದಂಥ ಮರಗಳ ರೆಂಬೆಗಳಲ್ಲಿ ಪುಟ್ಟ ಕೀಟ ಮಾಡುವ ಈ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ತೆಳುವಾಗಿ, ಸುತ್ತಿಸುತ್ತಿ ತಿಕ್ಕಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಅಂದ ಹೌದು, ಆದರೆ ಬಿಸಿ ಕಾಫಿಯ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ! ಥಂಡಿಗೂ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದು ಕ್ಷೇಮ. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವುದರೊಳಗಿನ ಒಣ ದಿನಗಳೇ ಹದ.

ಹೊರಗಿನ ಮರಕ್ಕೆ ಗೇರೆಣ್ಣೆ ಇತ್ತು. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ಗೆದ್ದಲು ದೂರವಿಡುತ್ತದೆ, ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳಿಸುತ್ತದೆ. ಅಗಸೆ ಎಣ್ಣೆ ಸಾಧು, ಆದರೆ ಅದರಲ್ಲಿ ನೆಂದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಬೇಕು.

ಹೋಂಸ್ಟೇಗಳ ಮರದ ಕಾಟೇಜಿನಲ್ಲಿ ಇದೆಲ್ಲ ಮತ್ತೆ ಕೆಲಸಕ್ಕೆ ಬರುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ತೋಟದ ಬೀಟೆಯನ್ನು ಇಷ್ಟ ಬಂದಂತೆ ಕಡಿಯುವಂತಿಲ್ಲ. ಅನುಮತಿಯ ರಗಳೆಯಿಲ್ಲದೆ ಸಿಗುವುದು ಸಿಲ್ವರ್ ಓಕ್. ನೆರಳಿಗೂ ಮೆಣಸಿನ ಬಳ್ಳಿಗೂ ಎಂದು ನೆಟ್ಟ ಈ ಆಸ್ಟ್ರೇಲಿಯಾದ ಮರ ನೋಡಲು ಚೆಂದ, ಹುಳಕ್ಕೆ ಬೇಗ ಸೋಲುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕುಡಿಸಿ, ಒಣಗಿಸಿ, ಆಮೇಲೆ ಉಜ್ಜಬೇಕು. ಮಾಲೀಕರಿಗೆ ಅಷ್ಟು ತಾಳ್ಮೆಯಿಲ್ಲ. ಹೊರಗೋಡೆಗೂ ಕನ್ನಡಿಯಂತೆ ಹೊಳೆಯುವ ದಪ್ಪ ಪಾಲಿಶ್ ಹೊಡೆಸುತ್ತಾರೆ. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮರದ ಮೇಲೆ ಆ ಪದರ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೊರಬರಲಾರದೆ ಒಳಗೇ ಕರಿಬೂಷ್ಟು ಕಟ್ಟುತ್ತದೆ. ಆಮೇಲೆ ಪೂರ್ತಿ ಕೆರೆದು ತೆಗೆಯದೆ ಗತ್ಯಂತರವಿಲ್ಲ. ಮರದೊಳಕ್ಕೆ ಇಳಿಯುವ ಎಣ್ಣೆಯಾದರೆ ಮಳೆಗಾಲಕ್ಕೆ ಮುಂಚೆ ಒರೆಸಿ ಇನ್ನೊಂದು ಕೈ ಹಚ್ಚಿದರಾಯಿತು.

ದಿಮ್ಮಿಯ ಗೋಡೆ ಕಟ್ಟಿಸುವವರು ಹೊಳಪಿಗಿಂತ ಮೊದಲು ದಿಮ್ಮಿಯ ತುದಿಗಳನ್ನು ನೋಡಲಿ. ನೀರು ಹೆಚ್ಚು ಹೀರುವುದು ಕತ್ತರಿಸಿದ ಆ ಮುಖವೇ. ಅಲ್ಲಿಗೆ ಎರಡು ಮೂರು ಕೈ ಎಣ್ಣೆ ಹೆಚ್ಚಿಗೆ ಕುಡಿಸಿ, ಸೂರನ್ನು ಇನ್ನಷ್ಟು ಮುಂದಕ್ಕೆ ಚಾಚಿಸಿದರೆ ಪಾಲಿಶ್‌ನ ಖರ್ಚೇ ಇಳಿಯುತ್ತದೆ.