ಕೆದಕುವ ಕೈ, ಮಾಯಬೇಕಾದ ಗಾಯ

2019ರ ಶ್ರಾವಣ ಮಾಸ. ಬೆಳವಲ ನಾಡಿನ ಒಂದು ಗ್ರಾಮದಲ್ಲಿ ತಿಂಗಳ ಪರ್ಯಂತ ಶರಣರ ಚರಿತ್ರೆಯ ಪ್ರವಚನವನ್ನು ನಡೆಸುತ್ತಿದ್ದೆನು. ಒಂದು ಸಂಜೆ ಮಂಗಲವಾಗಿ ಜನರೆಲ್ಲ ಎದ್ದು ಹೋದ ಬಳಿಕ ಒಬ್ಬ ತಾಯಿ ತನ್ನ ಮಗಳನ್ನು ಕರೆತಂದು ಎದುರಿಗೆ ಕುಳಿತಳು. ಮಗಳು ಬಿ.ಎಡ್. ಓದುತ್ತಿದ್ದವಳು. ಜನದಟ್ಟಣೆಯ ಸೆಕೆಯಲ್ಲಿಯೂ ಮಣಿಕಟ್ಟಿನವರೆಗೆ ತೋಳು ಮುಚ್ಚುವ ಉಡುಪನ್ನು ತೊಟ್ಟಿದ್ದಳು. ತಾಯಿ ಆ ತೋಳನ್ನು ಮೇಲಕ್ಕೆ ಸರಿಸಿದಾಗ ಕಂಡದ್ದು ಹತ್ತಾರು ಗಾಯಗಳು: ಕೆಲವು ಹಸಿಯಾದವು, ಕೆಲವು ಹಕ್ಕಳೆಗಟ್ಟಿದವು, ಕೆಲವು ಮಾಯ್ದು ಕಪ್ಪು ಕಲೆಯಾಗಿ ಉಳಿದವು.

"ಶಾಸ್ತ್ರಿಗಳ, ತುರಿ ಅಲ್ರಿ, ಕಜ್ಜಿ ಅಲ್ರಿ. ತಾನ ಕಿತ್ಕೋತಾಳ್ರಿ. ಬೈದ್ರೂ ಬಿಡವಲ್ಲಳು, ಹೊಡದ್ರೂ ಬಿಡವಲ್ಲಳು. ನಾಳೆ ನೋಡಾಕ ಬಂದವ್ರಿಗೆ ಏನಂತ ಹೇಳೂದ್ರಿ?"

ಮಠದ ಪಾಠಶಾಲೆಯಲ್ಲಿ ಬೆಳೆದವನ ಬಾಯಿಗೆ ಇಂತಹ ಸಂದರ್ಭದಲ್ಲಿ ಸಿದ್ಧವಾಗಿ ಬರುವ ಉತ್ತರವೊಂದಿರುತ್ತದೆ. ಮನಸ್ಸು ಹಿಡಿತದಲ್ಲಿದ್ದರೆ ಕೈಯೂ ಹಿಡಿತದಲ್ಲಿರುತ್ತದೆ ಎಂದೆನು. ದಿನಕ್ಕೆ 1008 ಬಾರಿ ಮಂತ್ರಜಪ ಮಾಡಲು ಹೇಳಿದೆನು. ಸಾಲದೆಂಬಂತೆ, ಮಗಳ ಕೈಯ ಮೇಲೆ ಒಂದು ಕಣ್ಣಿಟ್ಟಿರಬೇಕೆಂದು ತಾಯಿಗೆ ಸೂಚಿಸಿದೆನು. ಅವರು ನಮಸ್ಕರಿಸಿ ಹೋದರು. ನಾನು ಒಂದು ಒಳ್ಳೆಯ ಕಾರ್ಯವನ್ನು ಮಾಡಿದೆನೆಂದೇ ಭಾವಿಸಿದ್ದೆನು.

ದೀಪಾವಳಿಯ ಹೊತ್ತಿಗೆ ಆ ತಾಯಿಯ ದೂರವಾಣಿ ಬಂದಿತು. ಮಗಳ ಕಾಲಿನ ಗಾಯವೊಂದು ಕೀವುಗಟ್ಟಿ ಜ್ವರ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಆ ತಾಯಿಯನ್ನು ಕಂಗೆಡಿಸಿದ್ದು, ಚಿಕ್ಕಂದಿನಿಂದ ತಪ್ಪದೆ ಇಷ್ಟಲಿಂಗ ಪೂಜೆ ಮಾಡುತ್ತಿದ್ದ ಹುಡುಗಿ ಅದನ್ನು ನಿಲ್ಲಿಸಿಬಿಟ್ಟದ್ದು. ಹುಡುಗಿಯೊಡನೆ ಮಾತನಾಡಿದೆನು. "ರಕ್ತ ಹತ್ತಿದ ಕೈಲೆ ಲಿಂಗ ಹೆಂಗ ಮುಟ್ಲಿರಿ ಅಜ್ಜಾರ? ಸಾವಿರ ಸಲ ಜಪ ಮಾಡಿದ್ರೂ ಕೈ ಬಿಡಲಿಲ್ಲ ಅಂದ್ರ ನಾ ಎಂಥ ಪಾಪಿ ಇರಬೇಕು" ಎಂದಳು. ನನ್ನ ಉಪದೇಶವು ಅವಳ ಗಾಯವನ್ನು ಮಾಯಿಸುವುದಿರಲಿ, ಅದರ ಮೇಲೆ ಇನ್ನೊಂದು ಗಾಯವನ್ನು ಮಾಡಿತ್ತು. ಆ ಬಳಿಕವೇ ನಾನು ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಅರಿತುಕೊಳ್ಳಲು ತೊಡಗಿದುದು. ನಮ್ಮ ಅನೇಕ ಮನೆಗಳಲ್ಲಿ ಇದು ಮುಚ್ಚಿಟ್ಟ ಸಂಗತಿಯಾಗಿರುವುದರಿಂದ ಓದುಗ ಬಂಧುಗಳೆದುರು ಇಡುತ್ತಿದ್ದೇನೆ.

ಮೊಡವೆಯನ್ನು ಚಿವುಟದವರು, ಒಣಗಿದ ಹಕ್ಕಳೆಯನ್ನು ಕೀಳದವರು ಲೋಕದಲ್ಲಿ ಯಾರೂ ಇರಲಾರರು. ಅದು ರೋಗವಲ್ಲ. ಆದರೆ ಗಾಯವಾಗುವಷ್ಟು ಪದೇಪದೇ ಕೆದಕುವುದು, ಬಿಡಬೇಕೆಂದು ಅನೇಕ ಬಾರಿ ಪ್ರಯತ್ನಿಸಿಯೂ ಬಿಡಲಾಗದಿರುವುದು, ಅದರಿಂದ ನಾಚಿಕೆ ದುಃಖಗಳುಂಟಾಗಿ ಜನರ ನಡುವೆ ಹೋಗುವುದನ್ನೇ ತಪ್ಪಿಸುವುದು, ಇವು ಕೂಡಿದಾಗ ಅದೊಂದು ವ್ಯಾಧಿಯೆನಿಸುತ್ತದೆ. ಇದು ಇಂದಿನ ಕಾಲದ ಹುಡುಗಿಯರ ಹೊಸ ಚಾಳಿಯೇನೂ ಅಲ್ಲ. ಇಂಗ್ಲೆಂಡಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ 1875ರಲ್ಲಿಯೇ ಇದಕ್ಕೊಂದು ಹೆಸರಿಟ್ಟಿದ್ದನು. ಫ್ರಾನ್ಸಿನ ಬ್ರೋಕ್ ಎಂಬ ವೈದ್ಯನು 1898ರಲ್ಲಿ ಮೊಡವೆಗಳನ್ನು ಕೆದಕಿ ಮುಖವನ್ನು ಗಾಯ ಮಾಡಿಕೊಳ್ಳುವ ತರುಣಿಯರ ಬಗೆಗೆ ಬರೆದನು. ಆದರೂ ವೈದ್ಯಲೋಕವು ಇದನ್ನು ಪ್ರತ್ಯೇಕ ವ್ಯಾಧಿಯೆಂದು ಎಣಿಸಲು ಬಹುಕಾಲ ಹಿಡಿಯಿತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಸ್ವತಂತ್ರ ಸ್ಥಾನ ಪಡೆದದ್ದು 2013ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಇದನ್ನು ಗೀಳು ರೋಗದ ಬಳಗಕ್ಕೆ ಸೇರಿಸಿದೆ. ಕೂದಲು ಕೀಳುವ ಗೀಳು ಇದರ ಒಡಹುಟ್ಟು. ಎರಡೂ ಒಂದೇ ಮನೆತನದ ಕೆಲವರಲ್ಲಿ ಕಾಣಿಸಿಕೊಳ್ಳುವುದುಂಟು. ಸಾಮಾನ್ಯವಾಗಿ ಮೊಡವೆ ಏಳುವ ವಯಸ್ಸಿನಲ್ಲಿ ಇದು ಆರಂಭವಾಗುತ್ತದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು ಕಂಡುಬರುತ್ತದೆಯಾದರೂ ಗಂಡಸರಿಗೆ ಇಲ್ಲವೆಂದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವಂಥದಂತೂ ಅಲ್ಲವೇ ಅಲ್ಲ; ಹೆಣ್ಣು ನೋಡಲು ಬರುವವರು ಇದೊಂದನ್ನು ತಿಳಿದರೂ ಎಷ್ಟೋ ಉಪಕಾರವಾದೀತು.

ಕೈ ಏಕೆ ಅತ್ತ ಹೋಗುತ್ತದೆ ಎಂದು ಆ ಹುಡುಗಿಯನ್ನು ಕೇಳಿದಾಗ ಅವಳು ಎರಡು ಬಗೆಯನ್ನು ಹೇಳಿದಳು. ಓದುತ್ತ, ದೂರದರ್ಶನ ನೋಡುತ್ತ ಕುಳಿತಾಗ ಕೈ ತನ್ನಷ್ಟಕ್ಕೆ ತಾನೇ ತೋಳಿನ ಮೇಲೆ ಹರಿದಾಡಿ ತರಿಯಾದ ಜಾಗವನ್ನು ಹುಡುಕುತ್ತದೆ. ರಕ್ತ ಬಂದಾಗಲೇ ಅವಳಿಗೆ ಅರಿವು. ಇನ್ನೊಮ್ಮೆ ಮನಸ್ಸಿಗೆ ಬೇಗುದಿಯಾದಾಗ ಬಚ್ಚಲಿನ ಬಾಗಿಲಿಕ್ಕಿಕೊಂಡು ಕನ್ನಡಿಯ ಮುಂದೆ ನಿಂತು ಒಂದೊಂದನ್ನೇ ಹುಡುಕಿ ಕೀಳುತ್ತಾಳೆ. ಆಗ ಒಂದು ಕ್ಷಣ ನೆಮ್ಮದಿ, ಮರುಕ್ಷಣವೇ ಅಸಹ್ಯ. ವೈದ್ಯರೂ ಈ ಎರಡು ಬಗೆಗಳನ್ನೇ ಹೇಳುತ್ತಾರೆ. ನಾನು ಕಣ್ಣಿಡಲು ಹೇಳಿದ ಮೇಲೆ ಆದುದಿಷ್ಟೇ: ಪಡಸಾಲೆಯಲ್ಲಿ ನಡೆಯುತ್ತಿದ್ದುದು ಬಚ್ಚಲಿಗೆ ಸೇರಿಕೊಂಡಿತು. ಬೈಗುಳದಿಂದ ಬೇಗುದಿ ಹೆಚ್ಚುತ್ತದೆ, ಬೇಗುದಿಯಿಂದ ಕೆದಕುವುದು ಹೆಚ್ಚುತ್ತದೆ. "ಕೆಲಸವಿಲ್ಲದ ಕೈ" ಎಂದು ಹಂಗಿಸುವ ಹಿರಿಯರೂ ಇದ್ದಾರೆ. ಅವಳಾದರೋ ನಸುಕಿನಲ್ಲೆದ್ದು ರೊಟ್ಟಿ ಬಡಿದಿಟ್ಟು ಬಸ್ಸು ಹಿಡಿದು ಕಾಲೇಜಿಗೆ ಹೋಗುವವಳು!

ಮೊದಲು ಚರ್ಮವೈದ್ಯರನ್ನು ಕಾಣಬೇಕು. ಕಜ್ಜಿ, ಮಧುಮೇಹ, ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ದೋಷಗಳಿಂದಲೂ ನವೆಯುಂಟಾಗಿ ಕೈ ಅತ್ತ ಹೋಗುವುದುಂಟು. ಅವು ಇದ್ದರೆ ಅವಕ್ಕೇ ಚಿಕಿತ್ಸೆ. ಇಲ್ಲವೆಂದಾದಾಗ ಮನೋವೈದ್ಯರು ಅಥವಾ ಮನಃಶಾಸ್ತ್ರಜ್ಞರು. ಇಲ್ಲಿ ನಮ್ಮ ಜನ ಹಿಂದೇಟು ಹಾಕುತ್ತಾರೆ. ಆ ತಾಯಿಯೂ ಹಾಕಿದಳು. ನಾನೇ ಜೊತೆಗೆ ಹೋದೆನು.

ಅಲ್ಲಿ ಅವಳಿಗೆ ಕಲಿಸಿದ್ದು ಅಭ್ಯಾಸವನ್ನು ಹಿಂದಿರುಗಿಸುವ ತರಬೇತಿ. ಅಜ್ರಿನ್ ಮತ್ತು ನನ್ ಎಂಬ ಇಬ್ಬರು ಅಮೆರಿಕನ್ನರು 1973ರಲ್ಲಿ ಇದನ್ನು ರೂಪಿಸಿದರು. ಕೇಳಿದರೆ ಬಹು ಸರಳ. ಮೊದಲ ವಾರ ಏನನ್ನೂ ಬಿಡಬೇಕಾಗಿಲ್ಲ. ಒಂದು ಚಿಕ್ಕ ನೋಟುಪುಸ್ತಕದಲ್ಲಿ ಎಷ್ಟು ಹೊತ್ತಿಗೆ, ಎಲ್ಲಿ ಕುಳಿತಾಗ, ಯಾವ ಕೈ, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬರೆಯಬೇಕು. ಅರಿವಿಲ್ಲದೆ ನಡೆಯುತ್ತಿದ್ದುದಕ್ಕೆ ಅರಿವನ್ನು ತರುವುದೇ ಮೊದಲ ಹೆಜ್ಜೆ. ಎರಡನೆಯದು, ಕೈ ಏಳುತ್ತಿದೆ ಎಂದು ತಿಳಿದೊಡನೆ ಅದೇ ಕೈಗೆ ಬೇರೊಂದು ಕೆಲಸ: ಮುಷ್ಟಿ ಬಿಗಿಹಿಡಿಯುವುದು, ಕೈಗಳನ್ನು ಒಂದರೊಳಗೊಂದು ಸೇರಿಸಿ ತೊಡೆಯ ಮೇಲಿಡುವುದು, ಮೃದುವಾದ ಚೆಂಡನ್ನು ಹಿಚುಕುವುದು. ಒಂದೆರಡು ನಿಮಿಷ ಹೀಗೆ ತಡೆದರೆ ಆ ತವಕದ ಅಲೆ ಏರಿ ತಾನಾಗಿಯೇ ಇಳಿಯುತ್ತದೆ. ಇಳಿಯುತ್ತದೆ ಎಂಬುದನ್ನು ಅನುಭವಿಸಿ ತಿಳಿಯುವವರೆಗೆ ಯಾರೂ ನಂಬುವುದಿಲ್ಲ.

ಮೂರನೆಯದು ಕೈಗೆ ಅವಕಾಶವಿಲ್ಲದಂತೆ ಮಾಡುವುದು. ಉಗುರುಗಳನ್ನು ಗಿಡ್ಡಗೆ ಕತ್ತರಿಸಬೇಕು. ಚಿಮುಟ, ಪಿನ್ನುಗಳು ಕೈಗೆ ಸಿಗದಂತಿರಬೇಕು. ಬಚ್ಚಲಿನ ಕನ್ನಡಿಯನ್ನು ತೆಗೆದು ಪಡಸಾಲೆಗೆ ಹಾಕಿದರು, ಪ್ರಖರವಾದ ದೀಪಕ್ಕೆ ಬದಲಾಗಿ ಮಂದವಾದುದನ್ನು ಹಾಕಿದರು. ಓದುವಾಗ ತೆಳುವಾದ ಹತ್ತಿಯ ಕೈಗವಸು. ತಾಯಿಗೂ ಒಂದು ಪಾಠವಿತ್ತು. "ಮತ್ತ ಕಿತ್ಕೊಂಡಿ?" ಎಂಬ ಮಾತು ಸಂಪೂರ್ಣ ನಿಷಿದ್ಧ. ಕೈ ಏಳುವುದು ಕಂಡರೆ ಮೊದಲೇ ಇಬ್ಬರೂ ಒಪ್ಪಿಕೊಂಡ ಒಂದು ಸಂಜ್ಞೆ ಮಾತ್ರ. ಆ ತಾಯಿ ಬಿಡಿಹೂವಿನ ಬುಟ್ಟಿಯನ್ನು ಮಗಳ ಮುಂದೆ ಸರಿಸುತ್ತಿದ್ದಳು. ಹೂ ಕಟ್ಟುವ ಬೆರಳುಗಳಿಗೆ ತೋಳು ನೆನಪಾಗುವುದಿಲ್ಲ.

ಔಷಧಿಗಳೂ ಇವೆ. ಖಿನ್ನತೆ ಮತ್ತು ಗೀಳಿಗೆ ಕೊಡುವ ಕೆಲವು ಮಾತ್ರೆಗಳು ಕೆಲವರಿಗೆ ಉಪಯುಕ್ತವಾಗುತ್ತವೆ. ಎನ್-ಅಸಿಟೈಲ್ ಸಿಸ್ಟೀನ್ ಎಂಬುದನ್ನು 66 ಜನರ ಮೇಲೆ 12 ವಾರ ಪರೀಕ್ಷಿಸಿದ ವರದಿಯೊಂದು 2016ರಲ್ಲಿ ಪ್ರಕಟವಾಯಿತು. ಅದನ್ನು ಸೇವಿಸಿದವರಲ್ಲಿ ನೂರಕ್ಕೆ 47 ಜನರಿಗೂ, ಬರಿಯ ಹುಸಿಮಾತ್ರೆಯನ್ನು ಸೇವಿಸಿದವರಲ್ಲಿ ನೂರಕ್ಕೆ 19 ಜನರಿಗೂ ಗಣನೀಯವಾಗಿ ಗುಣ ಕಂಡಿತು. ಎಲ್ಲರಿಗೂ ಅಲ್ಲ ಎಂಬುದನ್ನು ಗಮನಿಸಬೇಕು; ಅಂಗಡಿಯಿಂದ ತಾವೇ ತಂದು ನುಂಗುವಂಥದೂ ಅಲ್ಲ.

ಇನ್ನು ಗಾಯದ ಮಾತು. ಗಾಯಕ್ಕೆ ಗಾಳಿಯಾಡಬೇಕು, ಒಣಗಿ ಹಕ್ಕಳೆ ಕಟ್ಟಬೇಕು ಎಂದು ನಾವೆಲ್ಲ ಕೇಳುತ್ತ ಬಂದಿದ್ದೇವೆ. ಜಾರ್ಜ್ ವಿಂಟರ್ ಎಂಬ ವಿಜ್ಞಾನಿಯು 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದು ಇದಕ್ಕೆ ವಿರುದ್ಧವಾದುದನ್ನು. ತೇವವಾಗಿರುವಂತೆ ಮುಚ್ಚಿಟ್ಟ ಮೇಲ್ಗಾಯದಲ್ಲಿ ಹೊಸ ಚರ್ಮವು, ಹಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬುತ್ತದೆ. ಹೊಸ ಚರ್ಮದ ಕಣಗಳು ತೇವದ ಮೇಲೆ ಸಲೀಸಾಗಿ ಸರಿಯುತ್ತವೆ. ಒಣ ಹಕ್ಕಳೆಯಿದ್ದರೆ ಅದರಡಿ ದಾರಿ ಮಾಡಿಕೊಂಡು ಹೋಗಬೇಕಾಗುತ್ತದೆ. ಕೆದಕುವ ಗೀಳುಳ್ಳವರಿಗೆ ಇದರಿಂದ ಇನ್ನೊಂದು ಲಾಭವಿದೆ. ಬೆರಳನ್ನು ಕರೆಯುವುದೇ ಹಕ್ಕಳೆಯ ಒರಟು ಅಂಚು. ಹಕ್ಕಳೆಯೇ ಕಟ್ಟದಿದ್ದರೆ ಬೆರಳಿಗೆ ಕೀಳಲು ಏನೂ ಸಿಗುವುದಿಲ್ಲ.

ಆದುದರಿಂದ ಗಾಯವನ್ನು ಶುದ್ಧ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆದು, ಬಟ್ಟೆಯಿಂದ ಮೆಲ್ಲನೆ ಒತ್ತಿ, ವ್ಯಾಸಲೀನನ್ನು ತೆಳುವಾಗಿ ಸವರಿ, ಅಂಟುಪಟ್ಟಿಯಿಂದ ಮುಚ್ಚಬೇಕು. ಪಟ್ಟಿಯನ್ನು ದಿನಕ್ಕೊಮ್ಮೆ, ಒದ್ದೆಯಾದರೆ ಕೂಡಲೇ, ಬದಲಿಸಬೇಕು. ಔಷಧದಂಗಡಿಯಲ್ಲಿ ದೊರೆಯುವ ಹೈಡ್ರೋಕೊಲಾಯ್ಡ್ ಪಟ್ಟಿಗಳು ಇನ್ನೂ ಅನುಕೂಲ. ಎರಡು ಮೂರು ದಿನ ಹಾಗೆಯೇ ಇರಬಲ್ಲವು. ಆದರೆ ಕೀವುಗಟ್ಟಿದ ಗಾಯದ ಮೇಲೆ ಅವನ್ನು ಹಾಕಬಾರದು. ಸ್ಪಿರಿಟ್ಟು, ನೀರು ಬೆರೆಸದ ಡೆಟಾಲು, ನಿಂಬೆರಸ, ಕಾಫಿಪುಡಿ ಯಾವುದೂ ಬೇಡ. ಎಷ್ಟೋ ಮನೆಗಳಲ್ಲಿ ಭಕ್ತಿಯಿಂದ ಗಾಯಕ್ಕೆ ವಿಭೂತಿಯನ್ನೇ ಮೆತ್ತುವುದನ್ನು ಕಂಡಿದ್ದೇನೆ. ವಿಭೂತಿಯು ಧರಿಸುವಂಥದು, ಹಸಿ ಗಾಯಕ್ಕೆ ತುಂಬುವಂಥದಲ್ಲ. ಗಾಯವಿರುವ ಸ್ಥಾನವನ್ನು ಬಿಟ್ಟು ಧರಿಸಿದರೆ ಯಾವ ಲೋಪವೂ ಇಲ್ಲ.

ಗಾಯ ಮಾಯ್ದ ಮೇಲೆ ಉಳಿಯುವ ಕಪ್ಪು ಕಲೆಯು ನಮ್ಮ ಬಣ್ಣದ ಚರ್ಮಕ್ಕೆ ಸಹಜವಾದುದು. ತಿಂಗಳುಗಟ್ಟಲೆ ಹಿಡಿದರೂ ಬಹುಪಾಲು ತಿಳಿಯಾಗುತ್ತದೆ. ಬಿಸಿಲು ಅದನ್ನು ಇನ್ನಷ್ಟು ಗಾಢಗೊಳಿಸುವುದರಿಂದ ಬಟ್ಟೆಯ ಅಥವಾ ಬಿಸಿಲು ತಡೆಯುವ ಲೇಪನದ ರಕ್ಷಣೆ ಬೇಕು. ಬೆಳ್ಳಗಾಗಲೆಂದು ಸ್ಟಿರಾಯ್ಡ್ ಬೆರೆತ ಕ್ರೀಮುಗಳನ್ನು ತಂದು ಹಚ್ಚುವ ಚಟವಂತೂ ಘಾತಕ. ಅದರಿಂದ ಚರ್ಮ ತೆಳುವಾಗುತ್ತದೆ, ಮುಖದಲ್ಲಿ ಮೊಡವೆಗಳು ಇನ್ನಷ್ಟು ಏಳುತ್ತವೆ, ಕೈಗೆ ಹೊಸ ಕೆಲಸ ಸಿಗುತ್ತದೆ. ಗಾಯದ ಸುತ್ತ ಕೆಂಪು ಹರಡುತ್ತ ಹೋದರೆ, ಬಿಸಿಯಾಗಿ ಊದಿಕೊಂಡರೆ, ಕೀವು ಅಥವಾ ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹಿಗಳು ಇನ್ನೂ ಬೇಗ.

ಇಷ್ಟಾದರೂ ಹುಡುಗಿಯ ಆ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಉತ್ತರ ಹೇಳಬೇಕಾದವನು ವೈದ್ಯನಲ್ಲ, ನಾನು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತನಿಗೆ ಇಲ್ಲವೆಂದು 12ನೆಯ ಶತಮಾನದಲ್ಲಿಯೇ ಶರಣರು ಸಾರಿದರು. ಮುಟ್ಟಿನ ದಿನಗಳಲ್ಲಿಯೂ ಹೆಣ್ಣುಮಗಳಿಗೆ ಲಿಂಗಪೂಜೆ ನಿಷಿದ್ಧವಲ್ಲವೆಂಬ ಧರ್ಮದಲ್ಲಿ ಮುಂಗೈಯ ಗಾಯದಿಂದ ಒಸರಿದ ರಕ್ತವು ಹೇಗೆ ಮೈಲಿಗೆಯಾದೀತು? ದೇಹವನ್ನೇ ದೇಗುಲವೆಂದು ಬಗೆದವರು ಆ ದೇಗುಲದ ಗೋಡೆಯಲ್ಲಿ ಬಿರುಕು ಬಿಟ್ಟಿತೆಂದು ಒಳಗಿನ ಪೂಜೆಯನ್ನು ನಿಲ್ಲಿಸುತ್ತಾರೆಯೇ? ಕೈ ತೊಳೆದುಕೋ, ಗಾಯಕ್ಕೆ ಪಟ್ಟಿ ಕಟ್ಟಿಕೋ, ಕುಳಿತುಕೋ ತಾಯಿ ಎಂದೆನು. ಇನ್ನೊಂದು ಮಾತನ್ನೂ ಹೇಳಿದೆನು: ನಾನು ಅಂದು ಹೇಳಿದ 1008ರ ಲೆಕ್ಕವನ್ನು ಬಿಟ್ಟುಬಿಡು, ಅದು ನನ್ನ ತಪ್ಪು.

ಕೆಲವು ದಿನಗಳ ಬಳಿಕ ಅವಳೇ ಒಂದು ವಿಷಯವನ್ನು ಹೇಳಿದಳು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಪತ್ರೆಪುಷ್ಪಗಳಿರುವ ಆ ಇಪ್ಪತ್ತು ನಿಮಿಷ ಎರಡೂ ಕೈಗಳಿಗೆ ಬಿಡುವಿರುವುದಿಲ್ಲವಾದ್ದರಿಂದ ಆ ಹೊತ್ತು ಅವಳ ಗಾಯಗಳಿಗೆ ಪೂರ್ಣ ವಿಶ್ರಾಂತಿ. ಇದನ್ನು ಕೇಳಿ ಪೂಜೆಯೇ ಈ ವ್ಯಾಧಿಗೆ ಮದ್ದೆಂದು ಯಾರೂ ಸಾರಬಾರದು. ಆ ತಪ್ಪನ್ನು ನಾನು ಒಮ್ಮೆ ಮಾಡಿಯಾಗಿದೆ. ಪೂಜೆ ಮುಗಿದ ಮೇಲೆ ಕೈ ಮತ್ತೆ ಏಳುತ್ತದೆ, ಮತ್ತೆ ಮುಷ್ಟಿಯನ್ನು ಬಿಗಿಯಬೇಕಾಗುತ್ತದೆ.

ದೂರದ ಊರುಗಳಲ್ಲಿರುವವರು ಯಾರನ್ನು ಕೇಳಬೇಕೆಂದು ತೋಚದಿದ್ದರೆ 14416 ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯದು. ಉಚಿತ, ಹಗಲಿರುಳೂ ಉಂಟು, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ಆ ಹುಡುಗಿ ಈಗ ಶಿಕ್ಷಕಿಯಾಗಿದ್ದಾಳೆ. ಸಂಪೂರ್ಣ ಬಿಟ್ಟಿತೇ ಎಂದು ಕೇಳಿದರೆ ಇಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ದಿನಗಳಲ್ಲಿ ಹಳೆಯ ತವಕ ಮರಳಿ ಬರುತ್ತದೆ, ಹಳೆಯ ನೋಟುಪುಸ್ತಕವೂ ಹೊರಬರುತ್ತದೆ. ಕಳೆದ ಶ್ರಾವಣದಲ್ಲಿ ಅದೇ ಊರಿಗೆ ಹೋಗಿದ್ದಾಗ ಗಿಡ್ಡ ತೋಳಿನ ಕುಪ್ಪಸವನ್ನು ತೊಟ್ಟು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು. ಹಳೆಯ ಕಲೆಗಳು ಹೆಚ್ಚುಕಡಿಮೆ ಅಳಿಸಿಹೋಗಿದ್ದವು. ಮಣಿಕಟ್ಟಿನ ಬಳಿ ಒಂದು ಹೊಸ ಪಟ್ಟಿಯಿತ್ತು. ತಾಯಿ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಸೇವಂತಿಗೆಯ ಬುಟ್ಟಿಯನ್ನು ಮಗಳ ಕಡೆಗೆ ಸರಿಸಿದಳು.