ವನಕ್ಕೊಪ್ಪುವ ವಸತಿಗೃಹಗಳು

ಕಾಡಿನಲ್ಲಿ ಕಟ್ಟುವ ಮನೆಯು ಕಾಡಿಗೆ ಒಪ್ಪುವಂತಿರಬೇಕೆಂಬ ಮತವು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಷ್ಟ್ರೀಯ ಉದ್ಯಾನಗಳಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೇರೂರಿತು. ಅಲ್ಲಿ ಬೆಳೆದ ಮರ, ಅಲ್ಲಿಯೇ ದೊರೆತ ಕಲ್ಲು, ನಯಗೊಳಿಸದ ಒರಟು ಮೈ, ಇವೇ ಅದರ ಲಕ್ಷಣಗಳು. ನಮ್ಮ ಕಾವ್ಯಗಳ ಪರ್ಣಶಾಲೆಯನ್ನು ಬಲ್ಲ ವಾಚಕರಿಗೆ ಈ ಭಾವವು ಹೊಸದಲ್ಲ. ಆದರೆ ಪರ್ಣಶಾಲೆಯಲ್ಲಿ ವಾಸಿಸುವವರು ಇಬ್ಬರು ಮೂವರು, ಇಲ್ಲಿ ನೂರಾರು ಅತಿಥಿಗಳು.

ಯೆಲ್ಲೋಸ್ಟೋನ್ ಉದ್ಯಾನದ ‘ಓಲ್ಡ್ ಫೇತ್‌ಫುಲ್ ಇನ್’ ಎಂಬ ಅತಿಥಿಗೃಹವು ಇದಕ್ಕೆ ಪ್ರಸಿದ್ಧ ನಿದರ್ಶನ. ರಾಬರ್ಟ್ ರೀಮರ್ ಎಂಬ ತರುಣ ಶಿಲ್ಪಿಯು ಯೋಜಿಸಿದ ಈ ಕಟ್ಟಡವು 1904ರಲ್ಲಿ ತೆರೆಯಿತು. ಬಿಸಿನೀರಿನ ಬುಗ್ಗೆಯ ಸಮೀಪದಲ್ಲಿ ಪೈನ್ ಮರದ ದಿಮ್ಮಿಗಳನ್ನು ಪೇರಿಸಿ ಇದನ್ನು ನಿಲ್ಲಿಸಿದರು. ನಡುವಣ ಹಜಾರದ ಎತ್ತರ ಸುಮಾರು 76 ಅಡಿ. ಅದರೊಳಗೆ ಕಲ್ಲಿನ ಮಹತ್ತಾದ ಹೊಗೆಗೂಡು. ಸುತ್ತಲೂ ಅಂತಸ್ತು ಅಂತಸ್ತಾಗಿ ಮೊಗಸಾಲೆಗಳು. ಅವುಗಳ ಕಟಕಟೆಗಳಿಗೂ ಆಸರೆಗಳಿಗೂ ಕಾಡಿನ ಸೊಟ್ಟ ಕೊಂಬೆಗಳನ್ನು ಆರಿಸಿ ತಂದು, ಸೊಟ್ಟನ್ನು ತಿದ್ದದೆಯೇ ಜೋಡಿಸಿದ್ದಾರೆ. ಒಳಗೆ ನಿಂತವನಿಗೆ ಕಾಡಿನಿಂದ ಕಾಡಿಗೇ ಬಂದಂತಾಗುವುದು ಸಹಜ.

ಆದರೆ ಕಾಡಿನ ದ್ರವ್ಯವನ್ನು ತೆಗೆದುಕೊಂಡ ಮನೆಗೆ ಕಾಡಿನ ವಿಪತ್ತೂ ತಪ್ಪದು. 1988ರ ದಾವಾನಲವು ಈ ಗೃಹದ ಸಮೀಪಕ್ಕೇ ಬಂದಿತು. ಹಿಂದಿನ ವರ್ಷವಷ್ಟೇ ಛಾವಣಿಯ ಮೇಲೆ ಹೂಡಿದ್ದ ನೀರು ಚಿಮುಕಿಸುವ ಕೊಳವೆಗಳೂ, ಅಗ್ನಿಶಾಮಕರ ಶ್ರಮವೂ, ಗಾಳಿಯ ದಿಕ್ಕು ತಿರುಗಿದ್ದೂ ಸೇರಿ ಅದನ್ನು ಉಳಿಸಿದುವು.

ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್ ಎಂಬ ಶಿಲ್ಪಿಯು ಇದಕ್ಕೊಂದು ಉಪಾಯವನ್ನು ಮಾಡಿದನು. ಯೊಸೆಮಿಟಿ ಕಣಿವೆಯಲ್ಲಿ 1927ರಲ್ಲಿ ತೆರೆದ ಅವನ ‘ಅಹ್ವಾಹ್ನಿ’ ಹೋಟೆಲಿನ ಹೊರಮೈಯಲ್ಲಿ ಮರವೆಂದು ತೋರುವುದು ಬಹುಮಟ್ಟಿಗೆ ಕಾಂಕ್ರೀಟು! ಒರಟು ಹಲಗೆಗಳ ಅಚ್ಚಿನಲ್ಲಿ ಎರಕಹೊಯ್ದು, ಮರದ ಎಳೆಯನ್ನು ಮೂಡಿಸಿ, ಕೆಂಪುಮರದ ಬಣ್ಣ ಕೊಟ್ಟಿದ್ದಾರೆ. ಇದು ಕಪಟವೆನ್ನುವವರುಂಟು. ಮಲಗಿದ ಅತಿಥಿಗಳ ಪ್ರಾಣವನ್ನು ನೆನೆದರೆ ನನಗೆ ಹಾಗೆನ್ನಲು ಮನಸ್ಸು ಬಾರದು.

ಅದೇ ಅಂಡರ್‌ವುಡ್ಡನು ಗ್ರ್ಯಾಂಡ್ ಕ್ಯಾನ್ಯನ್ ಮಹಾಕಂದರದ ಉತ್ತರದ ಅಂಚಿನಲ್ಲಿ ಯೋಜಿಸಿದ ವಸತಿಗೃಹವು 1928ರಲ್ಲಿ ತೆರೆದು, ನಾಲ್ಕೇ ವರ್ಷಗಳಲ್ಲಿ ಸುಟ್ಟುಹೋಯಿತು. ಹಳೆಯ ತಳಹದಿಯ ಮೇಲೆಯೇ ಅದನ್ನು ಮತ್ತೆ ಕಟ್ಟಿದರು. 2025ರ ಜುಲೈ ತಿಂಗಳಲ್ಲಿ ಸಿಡಿಲಿನಿಂದ ಹೊತ್ತಿದ ಕಾಳ್ಗಿಚ್ಚು ಆ ಎರಡನೆಯ ಗೃಹವನ್ನೂ ನುಂಗಿತು. ಛಾವಣಿಯೂ ತೊಲೆಗಳೂ ಬೂದಿಯಾದುವು. ಆ ನೆಲದ್ದೇ ಆದ ಸುಣ್ಣಕಲ್ಲಿನ ಗೋಡೆಗಳು ಮಾತ್ರ ಕಂದರದ ಅಂಚಿನಲ್ಲಿ ನಿಂತಿದ್ದುವು.