ರಬ್ಬರ್ ಗಿಡದ ಕಡ್ಡಿಗೆ ಬೇರು ಬರಿಸುವುದು

ಮನಿ ಪ್ಲಾಂಟಿನ ಬಳ್ಳಿಗೆ ಬೇರು ಬರಿಸುವ ರೂಟಿಂಗ್ ಜೆಲ್ ಬೇಕಿಲ್ಲ. ಅದರ ಗೆಣ್ಣುಗಳಲ್ಲಿ ಬೇರಿನ ಮೊನೆ ಕಂದುಬಣ್ಣದ ಗುಬುಟಿನಂತೆ ಮೊದಲೇ ಎದ್ದಿರುತ್ತದೆ, ಬಾಟಲಿಯ ನೀರಿಗಿಟ್ಟರೆ ಸಾಕು. ಜೆಲ್ ಕೆಲಸಕ್ಕೆ ಬರುವುದು ರಬ್ಬರ್ ಗಿಡ, ಕ್ರೋಟನ್‌ನಂಥ ಗಟ್ಟಿ ಕಾಂಡದವಕ್ಕೆ.

ಗಿಡದ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದ ಕೆಳಕ್ಕೆ ಇಳಿಯುತ್ತಿರುತ್ತದೆ. ಕತ್ತರಿಸಿದ ಕಡೆ ಮುಂದೆ ದಾರಿಯಿಲ್ಲದೆ ಕೂಡಿಕೊಳ್ಳುತ್ತದೆ; ಅಲ್ಲಿನ ಜೀವಕೋಶಗಳು ಬೇರಾಗಲು ಹೊರಡುವುದು ಅದರಿಂದಲೇ. ಜೆಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಇದೇ ಬಳಗದ ಐಬಿಎ. ಅದಕ್ಕೆ ಬೇರು ಬರಿಸುವ ಗುಣವಿದೆಯೆಂದು ಅಮೆರಿಕದ ವಿಜ್ಞಾನಿಗಳು 1935ರಲ್ಲಿ ತೋರಿಸಿಕೊಟ್ಟರು. ಪುಡಿಯೂ ಸಿಗುತ್ತದೆ, ಆದರೆ ಮಣ್ಣಿಗೆ ಇಳಿಸುವಾಗ ಉದುರಿಹೋಗುತ್ತದೆ, ಜೆಲ್ ಅಂಟಿಕೊಂಡಿರುತ್ತದೆ.

ಚಿಗುರಿರುವ ತುದಿಯಿಂದ ಐದಾರು ಅಂಗುಲದ ಕಡ್ಡಿಯನ್ನು ಗೆಣ್ಣಿನ ತುಸು ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕೂಡಲೇ ಬಿಳಿ ಹಾಲು ಒಸರುತ್ತದೆ. ಕೈಗೆ ತಾಗಿದರೆ ತುರಿಕೆ, ಕಾಂಡದ ಮೇಲೆ ಉಳಿದರೆ ಜೆಲ್ ಹಿಡಿಯದು. ನಿಲ್ಲುವ ತನಕ ಒದ್ದೆ ಬಟ್ಟೆಯಿಂದ ಒರೆಸಿ. ಮೇಲಿನ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಆ ಎರಡನ್ನೂ ವೀಳ್ಯದೆಲೆ ಸುತ್ತಿದಂತೆ ಸುತ್ತಿ ಸಡಿಲವಾಗಿ ದಾರ ಕಟ್ಟಿ. ಬೇರಿಲ್ಲದ ಕಡ್ಡಿ ಕಳೆದುಕೊಂಡಷ್ಟು ನೀರನ್ನು ಹೀರಲಾರದು, ಆದ್ದರಿಂದ ಎಲೆಯಿಂದ ಆರುವುದನ್ನು ಕಡಿಮೆ ಮಾಡಲೇಬೇಕು.

ಜೆಲ್ ಬಾಟಲಿಗೇ ಕಡ್ಡಿ ಅದ್ದಬೇಡಿ, ಕೊಳೆ ರೋಗ ಸೇರಿಕೊಳ್ಳುತ್ತದೆ. ಮುಚ್ಚಳಕ್ಕೆ ಒಂದಿಷ್ಟು ಸುರಿದುಕೊಂಡು ಕೆಳಗಿನ ಗೆಣ್ಣಿಗೆ ತೆಳ್ಳಗೆ ಸವರಿ. ಜಾಸ್ತಿ ಬಳಿದರೆ ಜಾಸ್ತಿ ಬೇರು ಬರುವುದಿಲ್ಲ, ಹಾರ್ಮೋನು ಮಿತಿಮೀರಿದರೆ ಬೇರನ್ನೇ ತಡೆಯುತ್ತದೆ. ತೆಂಗಿನ ನಾರಿನ ಪುಡಿ, ದಪ್ಪ ಮರಳು ಸಮನಾಗಿ ಬೆರೆಸಿದ ಕುಂಡದಲ್ಲಿ ಮೊದಲು ಕೋಲಿನಿಂದ ತೂತು ಮಾಡಿ, ಆಮೇಲೆ ಕಡ್ಡಿ ಇಳಿಸಿ. ಪ್ಲಾಸ್ಟಿಕ್ ಕವರು ಹೊದಿಸಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ.

ನನ್ನ ಮೊದಲ ಎರಡು ಕಡ್ಡಿ ಸತ್ತದ್ದು ಒಣಗಿ ಅಲ್ಲ, ದಿನಾ ನೀರು ಹಾಕಿದ್ದರಿಂದ. ಬುಡ ಕಪ್ಪಾಗಿ, ಬೆರಳಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು. ಕುಂಡದ ಮಿಶ್ರಣವನ್ನು ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟು ತೇವ ಸಾಕು.

ಆರರಿಂದ ಎಂಟು ವಾರ ಕಾಯಬೇಕು. ಹೊಸ ಎಲೆ ಬಿಟ್ಟಿತೆಂದು ಬೇರು ಬಂತೆನ್ನಲಾಗದು, ಕಾಂಡದಲ್ಲಿ ಕೂಡಿಟ್ಟ ಕಸುವಿನಿಂದಲೂ ಎಲೆ ಬಿಡುತ್ತದೆ. ಮೆಲ್ಲಗೆ ಎಳೆದು ನೋಡಿ. ಹಿಡಿದುಕೊಂಡರೆ ಬೇರಿದೆ. ಆಗಲೂ ಕವರನ್ನು ಒಮ್ಮೆಲೇ ತೆಗೆಯಬೇಡಿ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಎಂದು ವಾರವಿಡೀ ಹೊರಗಿನ ಗಾಳಿಗೆ ಒಗ್ಗಿಸಿ.